ಕೆಂಪು ಡೀಸೆಲ್: ಟ್ರ್ಯಾಕ್ಟರಿಗೆ ಸರಿ, ಪಿಕಪ್ಪಿಗೆ ಯಾಕೆ ಬೇಡ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದ ಕಡೆಯವನು. ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಕಳೆದ ವರ್ಷ ಆಸ್ಟಿನ್‌ನಿಂದ ಒಂದು ಗಂಟೆ ದೂರದಲ್ಲಿ 14 ಎಕರೆ ಜಮೀನು ಕೊಂಡೆವು. ಹಳೆಯ ಮಾಲೀಕರು ಟ್ರ್ಯಾಕ್ಟರ್, ಜನರೇಟರ್ ಮತ್ತು ಶೆಡ್ಡಿನ ಪಕ್ಕದಲ್ಲಿದ್ದ 300 ಗ್ಯಾಲನ್ ಟ್ಯಾಂಕನ್ನೂ ಸೇರಿಸಿ ಮಾರಿದರು. ಟ್ಯಾಂಕಿನಲ್ಲಿ ಅರ್ಧದಷ್ಟು ಕೆಂಪು ಬಣ್ಣದ ಡೀಸೆಲ್ ಇದೆ. ಹೋದ ತಿಂಗಳು ತುರ್ತಿನಲ್ಲಿ ನನ್ನ ಡೀಸೆಲ್ ಪಿಕಪ್ಪಿಗೆ ಅದರಿಂದ 10 ಗ್ಯಾಲನ್ ಹಾಕಿಬಿಟ್ಟೆ. ಊರಿನಿಂದ ಬಂದಿದ್ದ ಅಪ್ಪ, 'ಬಣ್ಣ ಹಾಕಿದ ಎಣ್ಣೆ ಅಂದ್ರೆ ರೇಷನ್ ಮಾಲು, ಎಂಜಿನ್ ಸೀಜ್ ಆಗುತ್ತೆ' ಅಂತಾರೆ. ಪಕ್ಕದ ಜಮೀನಿನವರು, 'ಫಾರ್ಮ್ ಪ್ಲೇಟ್ ಹಾಕಿಸಿದರೆ ಪಿಕಪ್ಪಿಗೂ ಹಾಕಬಹುದು' ಅಂತಾರೆ. ಆಫೀಸಿನ ಗೆಳೆಯರೊಬ್ಬರು, 'ಇದ್ದಿಲಲ್ಲಿ ಸೋಸಿದರೆ ಬಣ್ಣ ಹೋಗುತ್ತೆ' ಎಂದರು. ಇದು ನಿಜಕ್ಕೂ ಏನು? ನಾನೀಗ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದರೊಳಗೊಂದು ಸೇರಿಕೊಂಡಿವೆ. ಎಂಜಿನ್ ಹಾಳಾಯಿತೇ, ಕಾನೂನಿನ ಕೈಗೆ ಸಿಕ್ಕಿಬಿದ್ದೆನೇ, ಉಳಿದ ಎಣ್ಣೆಯನ್ನು ಏನು ಮಾಡಲಿ. ಮೊದಲನೆಯದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ: ಬಣ್ಣದಿಂದ ಎಂಜಿನ್‌ಗೆ ಏನೂ ಆಗಿಲ್ಲ. ಎರಡನೆಯ ಭಯಕ್ಕೆ ಕಾರಣವಿದೆ. ಮೂರನೆಯದನ್ನು ಟ್ಯಾಂಕಿನ ತಳದಿಂದ ಒಂದು ಬಾಟಲಿ ಎಣ್ಣೆ ತೆಗೆದು ನೋಡಿಯೇ ತೀರ್ಮಾನಿಸಬೇಕು.

ಈ ಕೆಂಪು ಎಲ್ಲಿ ಸೇರುತ್ತದೆ ಎನ್ನುವುದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. ನಾನು ಹ್ಯೂಸ್ಟನ್ ಸುತ್ತಮುತ್ತಲಿನ ಇಂಧನ ಟರ್ಮಿನಲ್‌ಗಳಲ್ಲಿ, ಅಂದರೆ ಎಣ್ಣೆ ಸಂಗ್ರಹಿಸಿ ಟ್ಯಾಂಕರ್‌ಗಳಿಗೆ ತುಂಬಿಸುವ ಡಿಪೋಗಳಲ್ಲಿ, ಗುಣಮಟ್ಟ ಪರೀಕ್ಷೆಯ ಕೆಲಸ ಮಾಡಿಕೊಂಡು ಬಂದವನು. ಅಲ್ಲಿ ಕೆಂಪು ಡೀಸೆಲ್‌ಗೆಂದೇ ಬೇರೆ ರಿಫೈನರಿ ಇರುವುದಿಲ್ಲ, ಹೆಚ್ಚಿನ ಕಡೆ ಬೇರೆ ದೊಡ್ಡ ಟ್ಯಾಂಕೂ ಇರುವುದಿಲ್ಲ. ಟ್ಯಾಂಕರ್ ಬಂದು ಲೋಡಿಂಗ್ ಜಾಗದಲ್ಲಿ ನಿಲ್ಲುತ್ತದೆ. ಡ್ರೈವರ್ ಕಾರ್ಡ್ ತೂರಿಸಿ ಯಾವ ಮಾಲು ಬೇಕೆಂದು ಒತ್ತುತ್ತಾನೆ. 'ಡೈಡ್', ಅಂದರೆ ಬಣ್ಣ ಹಾಕಿದ್ದು, ಎಂದು ಒತ್ತಿದರೆ, ಮೀಟರಿನ ಪಕ್ಕದಲ್ಲಿರುವ ಸಣ್ಣ ಪಂಪು ಹರಿಯುವ ಡೀಸೆಲ್ಲಿಗೆ ಅಳತೆಯಂತೆ ಬಣ್ಣ ಚಿಮ್ಮುತ್ತದೆ. ಒತ್ತದಿದ್ದರೆ ಅದೇ ಪೈಪಿನಲ್ಲಿ ಅದೇ ಡೀಸೆಲ್ ಬಣ್ಣವಿಲ್ಲದೆ ಇಳಿಯುತ್ತದೆ. ಇರುವ ವ್ಯತ್ಯಾಸ ಅಷ್ಟೇ. ಆ ಗಟ್ಟಿ ಬಣ್ಣದ ಒಂದು ಹನಿ ಅಂಗಿಯ ತೋಳಿಗೆ ಬಿದ್ದರೆ ಮಾತ್ರ ಅಂಗಿಯ ಆಸೆ ಬಿಡಬೇಕು.

ಬಣ್ಣದ ಹೆಸರು ಸಾಲ್ವೆಂಟ್ ರೆಡ್ 164. ಎಣ್ಣೆಯಲ್ಲಿ ಪೂರ್ತಿ ಕರಗುವಂಥದ್ದು. ಎಷ್ಟು ಹಾಕಬೇಕೆಂದು ಅಮೆರಿಕದ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ನಿಗದಿ ಮಾಡಿದೆ: ಸಾವಿರ ಬ್ಯಾರೆಲ್‌ಗೆ 3.9 ಪೌಂಡ್ ಘನ ಬಣ್ಣಕ್ಕೆ ಸಮನಾಗುವಷ್ಟು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ. ಇದು ತಳಕ್ಕೆ ಕೂರುವುದಿಲ್ಲ, ಫಿಲ್ಟರಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ, ಡೀಸೆಲ್ ಜೊತೆಗೇ ಉರಿದುಹೋಗುತ್ತದೆ. ಸೈಲೆನ್ಸರಿನಿಂದ ಕೆಂಪು ಮಸಿ ಬರುತ್ತದೆ ಎನ್ನುವುದೆಲ್ಲ ಕಟ್ಟುಕತೆ.

'ಕೆಂಪು ಡೀಸೆಲ್ ಕೊಳಕು' ಎಂಬ ಮಾತಿಗೆ ಮಾತ್ರ ಒಂದು ಕಾಲದಲ್ಲಿ ಆಧಾರವಿತ್ತು. ರಸ್ತೆ ವಾಹನಗಳ ಡೀಸೆಲ್‌ನಲ್ಲಿ ಗಂಧಕವನ್ನು 15 ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ 15 ಪಾಲಿಗೆ, ಇಳಿಸುವ ನಿಯಮ 2006ರಲ್ಲಿ ಜಾರಿಗೆ ಬಂತು. ಹೊಲ, ಗಣಿ, ಕಟ್ಟಡ ಕೆಲಸದ ಯಂತ್ರಗಳ ಡೀಸೆಲ್‌ಗೆ ಅದೇ ಮಿತಿ ಬರಲು 2010 ಆಯಿತು, ರೈಲು ಎಂಜಿನ್ ಮತ್ತು ಹಡಗುಗಳ ಡೀಸೆಲ್‌ಗೆ 2012. ನಡುವಿನ ವರ್ಷಗಳಲ್ಲಿ ಕೆಂಪು ಡೀಸೆಲ್‌ನಲ್ಲಿ ಗಂಧಕ ಹೆಚ್ಚಿರುತ್ತಿತ್ತು, ಹೊಸ ವಾಹನಗಳ ಹೊಗೆ ಶುದ್ಧೀಕರಣದ ಉಪಕರಣಗಳಿಗೆ ಅದು ಆಗಿಬರುತ್ತಿರಲಿಲ್ಲ. ಇಂದು ಟರ್ಮಿನಲ್‌ನಿಂದ ಬರುವ ಎರಡೂ ಒಂದೇ. ನಿಮ್ಮ ಟ್ಯಾಂಕಿನಲ್ಲಿರುವುದು ಯಾವ ವರ್ಷದ ಮಾಲು ಎಂದು ಹಳೆಯ ಮಾಲೀಕರನ್ನು ಒಮ್ಮೆ ಕೇಳಿ ನೋಡಿ.

ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ಹೇಳುತ್ತಿರುವುದು ನಮ್ಮೂರಿನ ಅನುಭವ. ಅಲ್ಲಿ ಡೀಸೆಲ್‌ಗೆ ತೆರಿಗೆಗಾಗಿ ಬಣ್ಣ ಹಾಕುವ ಪದ್ಧತಿಯೇ ಇಲ್ಲ. ಟ್ರ್ಯಾಕ್ಟರಿಗೂ ಕಾರಿಗೂ ಬಂಕಿನಲ್ಲಿ ಒಂದೇ ನಳಿಕೆ. ಮಲ್ಪೆ, ಮಂಗಳೂರಿನ ಯಾಂತ್ರಿಕ ದೋಣಿಗಳಿಗೆ ಸಿಗುವ ತೆರಿಗೆ ವಿನಾಯಿತಿ ಕೂಡ ಕೋಟಾ ಲೆಕ್ಕದಲ್ಲಿ ನಡೆಯುತ್ತದೆ, ಬಣ್ಣದ ಮೇಲಲ್ಲ. ಬಣ್ಣ ಇದ್ದದ್ದು ರೇಷನ್ ಸೀಮೆಎಣ್ಣೆಗೆ, ನೀಲಿ. ಆ ನೀಲಿ ಎಣ್ಣೆಯನ್ನು ಡೀಸೆಲ್‌ಗೆ ಬೆರೆಸಿದರೆ ಎಂಜಿನ್‌ಗೆ ಪೆಟ್ಟು ಬೀಳುವುದು ನಿಜ, ಏಕೆಂದರೆ ಸೀಮೆಎಣ್ಣೆ ತೆಳು, ಜಾರುಗುಣ ಕಡಿಮೆ, ಇಂಜೆಕ್ಷನ್ ಪಂಪು ಒಣಗಿ ಸವೆಯುತ್ತದೆ. ಅಲ್ಲಿ ಕೆಡುಕು ಮಾಡುತ್ತಿದ್ದುದು ಬೇರೆಯದೇ ಆದ ಇಂಧನ. ಆ ಕಲಬೆರಕೆಯ ಹಿಂದೆ ಎಂಥ ಜನರಿದ್ದರು ಎನ್ನುವುದು 2005ರಲ್ಲಿ ದೇಶಕ್ಕೇ ಗೊತ್ತಾಯಿತು. ಕೆಜಿಎಫ್‌ನ ಹುಡುಗ, ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಎಸ್. ಮಂಜುನಾಥ್ ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕುಗಳ ವಿರುದ್ಧ ಕ್ರಮ ಕೈಗೊಂಡದ್ದಕ್ಕೆ ಗುಂಡಿಗೆ ಬಲಿಯಾದರು. ಹಾಗಾಗಿ ನಮ್ಮವರಿಗೆ ಇಂಧನದ ಬಣ್ಣ ಕಂಡರೆ ಅನುಮಾನ ಬರುವುದು ಸಹಜ. ಅಮೆರಿಕದ ಕೆಂಪು ಡೀಸೆಲ್ ಆ ಜಾತಿಯದ್ದಲ್ಲ ಎಂದು ಅಪ್ಪನಿಗೆ ಧೈರ್ಯ ಹೇಳಿ.

ಹಾಗಾದರೆ ಬಣ್ಣ ಯಾಕೆ? ಲೆಕ್ಕಕ್ಕಾಗಿ. ಇಲ್ಲಿನ ಹೆದ್ದಾರಿಗಳ ಖರ್ಚಿಗೆಂದು 1956ರಲ್ಲಿ ಒಂದು ನಿಧಿ ಮಾಡಿ, ಇಂಧನ ತೆರಿಗೆಯನ್ನು ಅದಕ್ಕೆ ಹರಿಸಿದರು. ರಸ್ತೆ ಸವೆಸುವವನು ರಸ್ತೆಗೆ ಹಣ ಕೊಡಲಿ ಎಂಬ ತರ್ಕ. ಡೀಸೆಲ್ ಮೇಲಿನ ಕೇಂದ್ರ ತೆರಿಗೆ ಗ್ಯಾಲನ್‌ಗೆ 24.4 ಸೆಂಟ್. ಟೆಕ್ಸಾಸ್ ತನ್ನ ಪಾಲಿಗೆ 20 ಸೆಂಟ್ ಸೇರಿಸುತ್ತದೆ. ಹೊಲ ಉಳುವ ಟ್ರ್ಯಾಕ್ಟರ್ ರಸ್ತೆ ಸವೆಸುವುದಿಲ್ಲವಾದ್ದರಿಂದ ಈ ತೆರಿಗೆ ಅದಕ್ಕಿಲ್ಲ. ಕೆಂಪು ಡೀಸೆಲ್ ಮೇಲೆ ಕೇಂದ್ರಕ್ಕೆ ಸಲ್ಲುವುದು ನೆಲದಡಿಯ ಟ್ಯಾಂಕ್ ಸೋರಿಕೆ ನಿಧಿಯ 0.1 ಸೆಂಟ್ ಮಾತ್ರ.

ತೊಂದರೆ ಏನೆಂದರೆ ಮನೆ ಕಾಯಿಸುವ ಎಣ್ಣೆ, ಟ್ರ್ಯಾಕ್ಟರ್ ಎಣ್ಣೆ, ಲಾರಿ ಎಣ್ಣೆ ಮೂರೂ ಹೆಚ್ಚುಕಡಿಮೆ ಒಂದೇ ಮಾಲು. 1980ರ ದಶಕದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿಯ ಮಾಫಿಯಾ ಇದರಲ್ಲೇ ಹಣ ಮಾಡಿತು. ಮನೆ ಕಾಯಿಸುವ ಎಣ್ಣೆ ಎಂದು ತೆರಿಗೆಯಿಲ್ಲದೆ ಕೊಳ್ಳುವುದು, ಕಾಗದದ ಮೇಲಷ್ಟೇ ಇರುವ ನಾಲ್ಕಾರು ಕಂಪನಿಗಳ ಕೈ ದಾಟಿಸುವುದು, ನಡುವೆ ಒಂದು ಕಂಪನಿ 'ತೆರಿಗೆ ಕಟ್ಟಿದೆ' ಎಂದು ಬಿಲ್ ಬರೆದು ಬಾಗಿಲು ಮುಚ್ಚುವುದು, ಕೊನೆಗೆ ಅದನ್ನೇ ಲಾರಿಗಳಿಗೆ ಪೂರ್ತಿ ಬೆಲೆಗೆ ಮಾರುವುದು. ಅಧಿಕಾರಿಗಳು ಬರುವ ಹೊತ್ತಿಗೆ ಆ ಕಂಪನಿಯ ವಿಳಾಸದಲ್ಲಿ ಒಂದು ಟೆಲಿಫೋನು ಸಹ ಇರುತ್ತಿರಲಿಲ್ಲ. 1994ರ ಜನವರಿ 1ರಿಂದ ಸರ್ಕಾರ ಎರಡು ಬದಲಾವಣೆ ತಂದಿತು. ಡೀಸೆಲ್ ಟರ್ಮಿನಲ್ ಬಿಟ್ಟು ಹೊರಡುವಾಗಲೇ ತೆರಿಗೆ ವಸೂಲಿ, ತೆರಿಗೆ ಇಲ್ಲದ್ದಕ್ಕೆ ಅಲ್ಲೇ ಬಣ್ಣ. ವಸೂಲಿ ಕೂಡಲೇ ಏರಿತು. ಮೊದಲು ಗಂಧಕ ಹೆಚ್ಚಿರುವ ಡೀಸೆಲ್ ಗುರುತಿಸಲು ನೀಲಿ ಬಣ್ಣ ತಂದಿದ್ದರು, ಆದರೆ ಸಣ್ಣ ವಿಮಾನಗಳ ಪೆಟ್ರೋಲ್ ನೀಲಿಯಾಗಿರುವುದರಿಂದ ಅದಲು ಬದಲಾದರೆ ಗತಿಯೇನು ಎಂಬ ಆತಂಕ ಎದ್ದು ಕೆಂಪೇ ಗಟ್ಟಿಯಾಯಿತು.

ಕೈಗಾರಿಕೆಯವರು ಇದನ್ನು ಎಷ್ಟು ಸುಡುತ್ತಾರೆ ಎನ್ನುವುದು ಪಿಕಪ್ ಓಡಿಸುವವರ ಅಂದಾಜಿಗೆ ಬರುವುದಿಲ್ಲ. ರೈಲು ಎಂಜಿನ್‌ಗಳು, ಗಣಿಯ ದೈತ್ಯ ಟಿಪ್ಪರ್‌ಗಳು, ಪಶ್ಚಿಮ ಟೆಕ್ಸಾಸ್‌ನ ಪರ್ಮಿಯನ್ ಪ್ರದೇಶದಲ್ಲಿ ಬಂಡೆ ಸೀಳಿ ತೈಲ ತೆಗೆಯುವ ಪಂಪುಗಳು, ಹೈಪ್ಲೇನ್ಸ್ ಎಂಬ ಬಯಲು ಪ್ರದೇಶದ ನೀರಾವರಿ ಮೋಟರ್‌ಗಳು, ಗಲ್ಫ್ ಕರಾವಳಿಯ ಸೀಗಡಿ ದೋಣಿಗಳು, ಆಸ್ಪತ್ರೆ ಮತ್ತು ಡೇಟಾ ಸೆಂಟರ್‌ಗಳ ತುರ್ತು ಜನರೇಟರ್‌ಗಳು. ಈಶಾನ್ಯದ ರಾಜ್ಯಗಳಲ್ಲಿ ಮನೆ ಕಾಯಿಸುವ ಎಣ್ಣೆಯೂ ಕೆಂಪೇ. ದೊಡ್ಡ ಕಟ್ಟಡ ಕೆಲಸ ನಡೆಯುವಲ್ಲಿ ಸಣ್ಣ ಟ್ಯಾಂಕರ್ ಬಂದು, ಸಾಲಾಗಿ ನಿಂತ ಹಿಟಾಚಿ, ಜೆಸಿಬಿ, ರೋಲರ್‌ಗಳಿಗೆ ಒಂದೊಂದಾಗಿ ಪೈಪು ಹಿಡಿದು ತುಂಬಿಸಿ ಹೋಗುತ್ತದೆ. ತಮಾಷೆಯೆಂದರೆ ಶಾಲಾ ಬಸ್ಸುಗಳು, ಸ್ಥಳೀಯ ಸರ್ಕಾರದ ವಾಹನಗಳು ರಸ್ತೆಯ ಮೇಲೆಯೇ ಓಡಿದರೂ ಕೇಂದ್ರದ ನಿಯಮದಲ್ಲಿ ಕೆಂಪು ಡೀಸೆಲ್ ಹಾಕಿಕೊಳ್ಳಬಹುದು, ಅವುಗಳಿಗೆ ತೆರಿಗೆಯೇ ವಿನಾಯಿತಿ.

ಕಂಪನಿಗಳು ಸಿಕ್ಕಿಬೀಳುವುದು ಇಂಥ ಸ್ಪಷ್ಟ ಯಂತ್ರಗಳಲ್ಲಿ ಅಲ್ಲ, ಗಡಿಯ ಮೇಲೆ ನಿಂತ ವಾಹನಗಳಲ್ಲಿ. ತಣ್ಣನೆಯ ತರಕಾರಿ ಸಾಗಿಸುವ ಟ್ರೇಲರ್ ನೋಡಿ. ಅದರ ಮುಂಭಾಗದ ಕೂಲಿಂಗ್ ಯಂತ್ರಕ್ಕೆ ತನ್ನದೇ ಎಂಜಿನ್, ತನ್ನದೇ ಟ್ಯಾಂಕ್. ಅದಕ್ಕೆ ಕೆಂಪು ನಡೆಯುತ್ತದೆ. ಎಳೆಯುವ ಲಾರಿಯ ಟ್ಯಾಂಕ್ ಎರಡು ಮಾರು ದೂರದಲ್ಲಿದೆ, ಅದಕ್ಕೆ ನಡೆಯುವುದಿಲ್ಲ. ಕಾಂಕ್ರೀಟ್ ಲಾರಿಯಲ್ಲಿ ಡ್ರಮ್ ತಿರುಗಿಸುವುದೂ ಚಕ್ರ ತಿರುಗಿಸುವುದೂ ಒಂದೇ ಎಂಜಿನ್, ಹಾಗಾಗಿ ಪೂರ್ತಿ ತೆರಿಗೆಯ ಡೀಸೆಲ್ಲೇ ಬೇಕು. ನಾನು ಹೆಚ್ಚು ಕಂಡಿರುವುದು ಸರ್ವಿಸ್ ಪಿಕಪ್ಪಿನ ಕತೆ. ಸಂಜೆ ಕೆಲಸ ಮುಗಿದ ಮೇಲೆ ಹಿಟಾಚಿಗೆ ಹಿಡಿದ ಅದೇ ನಳಿಕೆಯನ್ನು ಫೋರ್‌ಮನ್ ತನ್ನ ಗಾಡಿಗೂ ಹಿಡಿಯುತ್ತಾನೆ. ದುರಾಸೆಗಿಂತ ಸೋಮಾರಿತನವೇ ಅಲ್ಲಿ ಹೆಚ್ಚು. ಆದರೆ ಗೊತ್ತಿದ್ದೂ ಅದರಲ್ಲಿ ಪಾಲ್ಗೊಂಡ ಮೇಲ್ವಿಚಾರಕ, ನೌಕರರ ಮೇಲೂ ಕಂಪನಿಯ ಜೊತೆಗೇ ದಂಡದ ಹೊಣೆ ಬೀಳುತ್ತದೆ.

ನೀವು ಮಾಡಿದ್ದೂ ಅದೇ. ಪಕ್ಕದ ಜಮೀನಿನವರ ಫಾರ್ಮ್ ಪ್ಲೇಟ್ (ಕೃಷಿ ವಾಹನದ ನಂಬರ್ ಪ್ಲೇಟ್) ಸಲಹೆಯನ್ನು ನಂಬಬೇಡಿ. ರಸ್ತೆಯಲ್ಲಿ ಓಡಿಸಲು ನೋಂದಣಿ ಆಗಿರುವ, ಅಥವಾ ಆಗಬೇಕಾದ ವಾಹನವೇ ಎನ್ನುವುದಷ್ಟೇ ಪ್ರಶ್ನೆ. ಫಾರ್ಮ್ ಪ್ಲೇಟ್ ಎನ್ನುವುದೂ ರಸ್ತೆಯ ನೋಂದಣಿಯೇ. ಪಿಕಪ್ ದಿನವೆಲ್ಲ ನಿಮ್ಮ 14 ಎಕರೆಯೊಳಗೇ ಹುಲ್ಲು ಹೊತ್ತರೂ ಅದು ರಸ್ತೆ ವಾಹನ. ಟ್ರ್ಯಾಕ್ಟರ್ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗಲು ರಸ್ತೆ ದಾಟಿದರೆ ಅದು ರಸ್ತೆ ವಾಹನವಾಗುವುದಿಲ್ಲ.

ದಂಡ ಇಷ್ಟು: ಬಣ್ಣದ ಡೀಸೆಲ್ ಎಂದು ಗೊತ್ತಿದ್ದೂ, ಅಥವಾ ಗೊತ್ತಿರಬೇಕಾಗಿದ್ದೂ, ರಸ್ತೆ ವಾಹನಕ್ಕೆ ಬಳಸಿದರೆ ಕೇಂದ್ರ ಸರ್ಕಾರಕ್ಕೆ 1,000 ಡಾಲರ್ ಅಥವಾ ಗ್ಯಾಲನ್‌ಗೆ 10 ಡಾಲರ್, ಯಾವುದು ಹೆಚ್ಚೋ ಅದು. ಎರಡನೆಯ ಸಲಕ್ಕೆ ಆ ಸಾವಿರ ಎರಡು ಸಾವಿರವಾಗುತ್ತದೆ, ಮೂರನೆಯ ಸಲಕ್ಕೆ ಮೂರು. ರಾಜ್ಯದ ದಂಡ ಬೇರೆ. ನಿಮ್ಮ 10 ಗ್ಯಾಲನ್‌ನಿಂದ ಉಳಿದ ತೆರಿಗೆ 4 ಡಾಲರ್ 43 ಸೆಂಟ್. ಮಾರಾಟದ ಪಂಪಿನ ಮೇಲೆ 'ತೆರಿಗೆಯಿಲ್ಲದ ಬಳಕೆಗೆ ಮಾತ್ರ, ತಪ್ಪಿದರೆ ದಂಡ' ಎಂಬ ಫಲಕ ಇರಲೇಬೇಕು ಎಂದು ಕಾನೂನು ಹೇಳುವುದು ಈ 'ಗೊತ್ತಿರಲಿಲ್ಲ' ಎಂಬ ಮಾತಿಗೆ ಜಾಗ ಕೊಡದಿರಲೆಂದೇ.

ತಪಾಸಣೆ ನಾಟಕೀಯವಾಗಿ ಏನೂ ಇರುವುದಿಲ್ಲ. ಅಧಿಕಾರಿ ಗಾಡಿ ನಿಲ್ಲಿಸಿ, ತೆಳು ಕೊಳವೆಯನ್ನು ಟ್ಯಾಂಕಿಗೆ ಇಳಿಸಿ, ಕೈಪಂಪಿನಿಂದ ಒಂದು ಸಣ್ಣ ಬಾಟಲಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಮಾದರಿ ಕೊಡುವುದಿಲ್ಲ ಎಂದರೆ ಅದಕ್ಕೂ 1,000 ಡಾಲರ್. ಕಣ್ಣಿಗೆ ಗುಲಾಬಿ ಛಾಯೆ ಕಂಡರೆ ಬಾಟಲಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಬಣ್ಣ ಯಾವ ತರಂಗದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುತ್ತಾರೆ. ಕೆಲವರು ಇಂಜೆಕ್ಟರ್ ತೊಳೆಯಲೆಂದು ಕೆಂಪಗಿರುವ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಟ್ಯಾಂಕಿಗೆ ಸುರಿಯುವುದುಂಟು. ಕಣ್ಣಿಗೆ ಅದೂ ಕೆಂಪೇ, ಯಂತ್ರಕ್ಕೆ ಬೇರೆಯಾಗಿಯೇ ಕಾಣುತ್ತದೆ.

ಈಗ ನಿಮ್ಮ ಪಿಕಪ್. ತಿಂಗಳಾಗಿದೆ, ಆಮೇಲೆ ಎಷ್ಟು ಸಲ ಬಂಕಿನಲ್ಲಿ ತುಂಬಿಸಿದಿರಿ ಎಂದು ಬರೆದಿಲ್ಲ. ಪ್ರತಿ ಸಲ ತುಂಬಿಸಿದಾಗಲೂ ಕೆಂಪು ತೆಳುವಾಗುತ್ತ ಹೋಗುತ್ತದೆ, ಆದರೆ 'ಕಣ್ಣಿಗೆ ಕಾಣದಷ್ಟಾಯಿತು, ಇನ್ನು ಭಯವಿಲ್ಲ' ಎಂದುಕೊಳ್ಳಬೇಡಿ. ಮೆಕ್ಯಾನಿಕ್ ಬಳಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ, ಬಂಕಿನ ಡೀಸೆಲ್ ತುಂಬಿಸಿ, ಬಿಲ್ ಇಟ್ಟುಕೊಳ್ಳಿ. ತೆಗೆದ ಎಣ್ಣೆ ಟ್ರ್ಯಾಕ್ಟರಿಗೆ ಬರುತ್ತದೆ. ಆ 10 ಗ್ಯಾಲನ್‌ನ ತೆರಿಗೆಯನ್ನು ಈಗ ತಾವಾಗಿಯೇ ಹೇಗೆ ಕಟ್ಟುವುದೆಂದು ನಿಮ್ಮ ಸಿಪಿಎಯನ್ನು, ಅಂದರೆ ತೆರಿಗೆ ಲೆಕ್ಕ ನೋಡುವ ಅಕೌಂಟೆಂಟನ್ನು, ಕೇಳಿ. ನಾನು ಇಂಧನ ಬಲ್ಲೆ, ತೆರಿಗೆ ಅರ್ಜಿ ತುಂಬುವ ಕೆಲಸ ನನ್ನದಲ್ಲ. ಒಂದು ಮಾತು, ಹರಿಕೇನ್ ಬಂದು ಬಂಕುಗಳು ಬರಿದಾದಾಗ ಐಆರ್‌ಎಸ್ ಕೆಲವೊಮ್ಮೆ ಕೆಲ ದಿನಗಳ ಮಟ್ಟಿಗೆ ಈ ದಂಡವನ್ನು ಮನ್ನಾ ಮಾಡುತ್ತದೆ. 2017ರಲ್ಲಿ ಇರ್ಮಾ ಬಂದಾಗ ಫ್ಲಾರಿಡಾದಲ್ಲಿ ಹಾಗೆ ಮಾಡಿತ್ತು. ಅದು ಘೋಷಣೆಯಾದ ಜಾಗಕ್ಕೆ, ಘೋಷಣೆಯಾದ ದಿನಗಳಿಗೆ ಮಾತ್ರ. ನಮ್ಮ ನಮ್ಮ ತುರ್ತು ಅದರಲ್ಲಿ ಸೇರುವುದಿಲ್ಲ.

ಇದ್ದಿಲಿನ ಸಲಹೆ ಕೊಟ್ಟ ಗೆಳೆಯರಿಗೆ ದಯವಿಟ್ಟು ಹೇಳಿ: ಬಣ್ಣದ ಸಾಂದ್ರತೆಯನ್ನು ಬೇಕೆಂದೇ ಬದಲಿಸಲು ಪ್ರಯತ್ನಿಸುವುದೇ ಪ್ರತ್ಯೇಕ ಅಪರಾಧ, ಆ ಎಣ್ಣೆಯನ್ನು ಗಾಡಿಗೆ ಹಾಕದಿದ್ದರೂ ಸರಿ. 'ಅರಿವಿಲ್ಲದೆ ಹಾಕಿದೆ' ಎನ್ನಲು ಇದ್ದ ಒಂದು ಅವಕಾಶವನ್ನೂ ಕೈಯಾರೆ ಕಳೆದುಕೊಂಡಂತೆ. ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಗಡಿಯಲ್ಲಿ ಇದು ದೊಡ್ಡ ದಂಧೆಯಾಗಿತ್ತು. ಆಮ್ಲ, ಮಣ್ಣು ಬಳಸಿ ಬಣ್ಣ ತೆಗೆದು, ಉಳಿದ ವಿಷದ ಕೆಸರನ್ನು ರಾತ್ರೋರಾತ್ರಿ ರಸ್ತೆ ಬದಿಯಲ್ಲಿ ಬಿಟ್ಟುಹೋಗುತ್ತಿದ್ದರು. ಹಾಗೆ ತೊಳೆದ ಡೀಸೆಲ್ ಹಾಕಿಸಿಕೊಂಡವರ ಇಂಧನ ಪಂಪುಗಳೂ ಕೆಟ್ಟವು. 2015ರಲ್ಲಿ ಎರಡೂ ಸರ್ಕಾರ ಸೇರಿ, ಸೋಸಿ ತೆಗೆಯಲು ಸುಲಭವಾಗಿ ಸಿಗದ, ಕಣ್ಣಿಗೆ ಕಾಣದ ಹೊಸ ಗುರುತನ್ನು ಬೆರೆಸಲು ಆರಂಭಿಸಿದವು. ಬ್ರಿಟನ್ನಿನಲ್ಲಿರುವ ನಮ್ಮವರು ಇದನ್ನು ಓದುತ್ತಿದ್ದರೆ ಅವರಿಗೊಂದು ಎಚ್ಚರಿಕೆ. ಅಲ್ಲಿ 2022ರ ಏಪ್ರಿಲ್ 1ರಿಂದ ಕಟ್ಟಡ ಕೆಲಸದ ಯಂತ್ರಗಳಿಗೆ ಕೆಂಪು ಡೀಸೆಲ್ ಹಕ್ಕು ಹೋಗಿದೆ. ಕೃಷಿಗೆ ಉಳಿದಿದೆ. ಅಮೆರಿಕದ ನಿಯಮವನ್ನು ಅಲ್ಲಿಗೆ ಅನ್ವಯಿಸಬೇಡಿ.

ಇನ್ನು ಶೆಡ್ಡಿನ ಪಕ್ಕದ ಟ್ಯಾಂಕ್. ನನಗೆ ಹೆಚ್ಚು ಚಿಂತೆ ಇದರದ್ದೇ, ಕಾನೂನಿಗಿಂತ ಹೆಚ್ಚು. ಅರ್ಧ ಖಾಲಿ ಟ್ಯಾಂಕಿನಲ್ಲಿ ಹಗಲು ಬಿಸಿ, ರಾತ್ರಿ ತಂಪು ಬಡಿದು ಒಳಗೋಡೆಯಲ್ಲಿ ಹನಿ ಕಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ನೀರು ಮತ್ತು ಎಣ್ಣೆ ಕೂಡುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಲೋಳೆಯಾಗುತ್ತದೆ. ಬಂಕಿನಲ್ಲಿ ಮಾಲು ದಿನದಿನವೂ ಖಾಲಿಯಾಗುವುದರಿಂದ ಈ ತೊಂದರೆ ಕಡಿಮೆ. 'ಕೆಂಪು ಡೀಸೆಲ್‌ನಿಂದ ಫಿಲ್ಟರ್ ಕಟ್ಟಿತು' ಎಂದು ಬರುವ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಈ ನಿಂತ ಎಣ್ಣೆ. ಕೆಂಪು ಬಣ್ಣ ಮಾಡುವ ಒಂದೇ ಕೆಡುಕೆಂದರೆ, ಹಳೆಯದಾಗಿ ಎಣ್ಣೆ ಕಪ್ಪಾಗುವುದನ್ನು ಅದು ಮರೆಮಾಡುತ್ತದೆ.

ಮೇಲಿನಿಂದ ಮಾದರಿ ತೆಗೆದರೆ ಪ್ರಯೋಜನವಿಲ್ಲ, ತಳದ ನಲ್ಲಿಯಿಂದ ತೆಗೆಯಿರಿ. ಬಿಳಿ ಗಾಜಿನ ಜಾಡಿಗೆ ತುಂಬಿಸಿ ಒಂದು ಗಂಟೆ ಅಲುಗಿಸದೆ ಇಡಿ. ಜಾಡಿಯ ಹಿಂದೆ ಅಚ್ಚಾದ ಕಾಗದ ಹಿಡಿದರೆ ಅಕ್ಷರ ಸ್ಪಷ್ಟವಾಗಿ ಓದಲು ಬರಬೇಕು. ಮಂಜು ಮಂಜಾಗಿದ್ದರೆ ಎಣ್ಣೆಯಲ್ಲಿ ನೀರು ಸೇರಿದೆ. ತಳದಲ್ಲಿ ಬೇರೆಯೇ ಪದರ ಕಂಡು, ಅದರ ಮೇಲೆ ಕಪ್ಪು ನೂಲಿನಂಥದ್ದು ತೇಲುತ್ತಿದ್ದರೆ ಲೋಳೆ ಬೆಳೆದಿದೆ. ಹುಳಿ ವಾಸನೆ ಬಂದರೂ ಅದೇ ಸೂಚನೆ. ನೀರು ಪತ್ತೆ ಮಾಡುವ ಪೇಸ್ಟ್ ಇಲ್ಲಿ ಸುಲಭವಾಗಿ ಸಿಗುತ್ತದೆ, ಉದ್ದ ಕೋಲಿನ ತುದಿಗೆ ಹಚ್ಚಿ ತಳ ಮುಟ್ಟಿಸಿದರೆ ನೀರಿರುವಷ್ಟು ಎತ್ತರಕ್ಕೆ ಅದರ ಬಣ್ಣ ಬದಲಾಗುತ್ತದೆ. ಬರೀ ನೀರಾದರೆ ತಳದಿಂದ ಹರಿಸಿ ತೆಗೆದು, ಸೋಸಿ, ಟ್ರ್ಯಾಕ್ಟರಿಗೆ ಬಳಸಬಹುದು. ಲೋಳೆ ಇದ್ದರೆ ಔಷಧಿ ಹಾಕಿ ಉಳಿಸುವ ಗೋಜು 150 ಗ್ಯಾಲನ್‌ಗೆ ನನ್ನ ಲೆಕ್ಕದಲ್ಲಿ ದುಬಾರಿ. ಕೌಂಟಿಯ ಅಪಾಯಕಾರಿ ತ್ಯಾಜ್ಯ ವಿಭಾಗಕ್ಕೆ ಫೋನ್ ಮಾಡಿ ವಿಲೇವಾರಿ ಮಾಡಿಸಿ, ಟ್ಯಾಂಕ್ ತೊಳೆಸಿ.

ಎಣ್ಣೆ ಚೆನ್ನಾಗಿದ್ದರೆ ಟ್ರ್ಯಾಕ್ಟರಿಗೂ ಜನರೇಟರಿಗೂ ನೆಮ್ಮದಿಯಾಗಿ ಸುಡಿ. ಟ್ಯಾಂಕಿಗೆ ಆ ಎಚ್ಚರಿಕೆಯ ಫಲಕ ಅಂಟಿಸಿ, ನಳಿಕೆಗೆ ಬೀಗ ಹಾಕಿ. ಪಕ್ಕದವರು ತಮ್ಮ ಪಿಕಪ್ಪಿಗೆಂದು ಕೇಳಿದರೆ ಮಾರಬೇಡಿ, ರಸ್ತೆಗೆ ಹೋಗುತ್ತದೆ ಎಂದು ಗೊತ್ತಿದ್ದೂ ಮಾರಿದವರಿಗೂ ಅದೇ ದಂಡ.

ಖಾಲಿಯಾದ ಮೇಲೆ ಮತ್ತೆ ಕೆಂಪನ್ನೇ ತರಿಸಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟೆಕ್ಸಾಸ್‌ನಲ್ಲಿ ತೆರಿಗೆಯಿಲ್ಲದೆ ಕೊಳ್ಳಲು ರಾಜ್ಯದ ತೆರಿಗೆ ನೋಡಿಕೊಳ್ಳುವ ಕಂಪ್ಟ್ರೋಲರ್ ಕಚೇರಿಯಿಂದ ಸಂಖ್ಯೆ ಪಡೆದು, ಮಾರುವವರಿಗೆ ಸಹಿ ಮಾಡಿದ ಹೇಳಿಕೆ ಕೊಡಬೇಕು. ನೂರಾರು ಎಕರೆಯವರಿಗೆ ಇದು ಲಾಭ. ನೀವು ವರ್ಷಕ್ಕೆ 100 ಗ್ಯಾಲನ್ ಸುಟ್ಟರೆ ಉಳಿಯುವುದು 44 ಡಾಲರ್, ಅದು ಮನೆ ಬಾಗಿಲಿಗೆ ತಂದುಕೊಡುವ ಶುಲ್ಕಕ್ಕೇ ಹೋದೀತು. ಬದಲಿಗೆ ಬಂಕಿನ ಡೀಸೆಲ್ಲನ್ನೇ ಹಳದಿ ಕ್ಯಾನಿನಲ್ಲಿ ತಂದು ಟ್ರ್ಯಾಕ್ಟರಿಗೆ ಹಾಕಿ, ಬಿಲ್ ಜೋಡಿಸಿಟ್ಟು, ವರ್ಷದ ಕೊನೆಗೆ ಐಆರ್‌ಎಸ್‌ನ ಫಾರ್ಮ್ 4136 ಎಂಬ ಅರ್ಜಿಯಲ್ಲಿ ಗ್ಯಾಲನ್‌ಗೆ 24.3 ಸೆಂಟ್ ಕೇಂದ್ರದಿಂದ ವಾಪಸು ಕೇಳಬಹುದು. ರಾಜ್ಯದ ಮರುಪಾವತಿಗೆ ಬೇರೆ ಅರ್ಜಿ. ನಿಮ್ಮದು ಆದಾಯಕ್ಕಾಗಿ ಮಾಡುವ ಕೃಷಿಯೋ ಹವ್ಯಾಸವೋ ಎನ್ನುವುದರ ಮೇಲೆ ಅರ್ಜಿಯಲ್ಲಿ ನಮೂದಿಸುವ ಬಳಕೆಯ ಬಗೆ ಬದಲಾಗುತ್ತದೆ, ಸಿಪಿಎಯನ್ನು ಕಂಡಾಗ ಅದನ್ನೂ ಕೇಳಿ. ಈ ದಾರಿಯಲ್ಲಿ ನಿಮ್ಮ ಜಮೀನಿನಲ್ಲಿ ಕೆಂಪು ಎನ್ನುವುದೇ ಇರುವುದಿಲ್ಲ, ಯಾವ ಟ್ಯಾಂಕಿಗೆ ಯಾವ ನಳಿಕೆ ಎಂಬ ಗೊಂದಲವೂ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಆರಿಸಿಕೊಳ್ಳುತ್ತಿದ್ದೆ.

ಕೆಂಪೇ ಬೇಕೆಂದು ತೀರ್ಮಾನಿಸಿದರೆ ಬೇಸಿಗೆಯಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಬೇಡಿ. ಬೇಸಿಗೆಯ ಡೀಸೆಲ್‌ನಲ್ಲಿರುವ ಮೇಣ ಕಡು ಚಳಿಯಲ್ಲಿ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟುತ್ತದೆ. ಟೆಕ್ಸಾಸ್‌ನ 2021ರ ಫೆಬ್ರವರಿಯ ಚಳಿ ನೆನಪಿದೆಯಲ್ಲ, ವಿದ್ಯುತ್ ಹೋದ ಹೊತ್ತಿಗೇ ಜನರೇಟರ್ ಹತ್ತದಿದ್ದರೆ ಅದನ್ನು ಇಟ್ಟುಕೊಂಡು ಏನು ಫಲ? ನವೆಂಬರ್ ಹೊತ್ತಿಗೆ, ಚಳಿಗಾಲದ ಮಿಶ್ರಣವೇ ಎಂದು ಕೇಳಿ ತಿಳಿದುಕೊಂಡು, ಆಮೇಲೆ ತರಿಸಿ.